ಬೆಳೆ ಹಾನಿ ಫೋಟೋಗೆ ಸ್ವಲ್ಪ ನಗಿ

ಮಳೆ ಜೋರಾಗಿ ಹುಯ್ದ ಮಾರನೇ ದಿನ ಕೆ.ಆರ್. ಪುರದಲ್ಲಿ ಇಬ್ಬರಿಗೆ ಊಟಕ್ಕೂ ಬಿಡುವಿರುವುದಿಲ್ಲ. ಒಬ್ಬ ಮೋಟರ್ ರಿವೈಂಡಿಂಗ್ ಅಂಗಡಿಯವನು, ಇನ್ನೊಬ್ಬ ನಾನು. ನನ್ನ ಮನೆ ಹಲಸೂರಲ್ಲಿ, ಫೋಟೋ ಸ್ಟುಡಿಯೋ ಇರುವುದು ಇಲ್ಲಿನ ತಾಲ್ಲೂಕು ಆಫೀಸಿನ ಹತ್ತಿರ. ಒಂದು ಕಾಲಕ್ಕೆ ಮದುವೆ, ನಾಮಕರಣ ಅಂತ ಓಡಾಡಿದವನು. ಆಮೇಲೆ ಎಲ್ಲರ ಜೇಬಿಗೂ ಕ್ಯಾಮೆರಾ ಬಂದು ನನಗೆ ಪಾಸ್‌ಪೋರ್ಟ್ ಸೈಜು ಮಾತ್ರ ಉಳಿಯಿತು. ಕೊನೆಗೆ ಕಾಪಾಡಿದ್ದು ಸರ್ಕಾರ. ಮಳೆಗೆ ಬೆಳೆ ಹೋದರೆ ಪರಿಹಾರ ಕೊಡುತ್ತಾರಲ್ಲ, ಅದಕ್ಕೆ ರೈತ ತನ್ನ ಹೊಲದಲ್ಲೇ ನಿಂತಿರುವ ಫೋಟೋ ಬೇಕು. ಫೋಟೋದ ಕೆಳಗೆ ದಿನ, ಜಾಗ ಎಲ್ಲ ತಾನಾಗಿ ಬಿದ್ದಿರಬೇಕು. ಹೊಲ ನೋಡಿ ವರದಿ ಬರೆಯುವವರು ಗ್ರಾಮ ಲೆಕ್ಕಿಗರಾದ ನಮ್ಮ ವಿ.ಎ. ಮೇಡಂ. ಇನ್ನೂ ಚಿಕ್ಕ ವಯಸ್ಸು, ಆದರೆ ಅವರು ನಕ್ಕಿದ್ದನ್ನು ನೋಡಿದವರು ಊರಲ್ಲಿ ಒಬ್ಬರೂ ಇಲ್ಲ. ಅವರ ಫೋನು ಕ್ಯಾಮೆರಾ ತೆಗೆದ ತಕ್ಷಣ ಸ್ತಬ್ಧವಾಗುತ್ತದೆ. "ರೀ, ನಿಮ್ಮ ಫೋನ್ ತಗೊಂಡು ನೀವೂ ಬನ್ನಿ" ಅಂತ ಒಂದು ಸಲ ಕರೆದರು. ಆವತ್ತಿನಿಂದ ಮಳೆ ಬಂದಾಗಲೆಲ್ಲ ನನಗೆ ಇಂಥವು ಆಗುತ್ತಲೇ ಇವೆ. ಆದದ್ದನ್ನು ಆದ ಹಾಗೆಯೇ ಹೇಳುತ್ತೇನೆ. ಅಲ್ಲಲ್ಲಿ ಆದದ್ದಕ್ಕಿಂತ ಸ್ವಲ್ಪ ಚೆನ್ನಾಗಿ ಕಂಡರೆ ಬೇಜಾರು ಮಾಡಿಕೊಳ್ಳಬೇಡಿ. ಟಚಪ್ ಮಾಡೋದು ನಮ್ಮ ಕಸುಬು.

ದುಃಖದ ಮುಖ

ಮೊದಲ ವರ್ಷ. ನಮ್ಮ ಏರಿಯಾದ ಗೌಡರೊಬ್ಬರಿಗೆ ಮೂರು ಬಿಲ್ಡಿಂಗ್, ಮೂರೂ ಬಾಡಿಗೆಗೆ. ಹಿಂದೆ ಒಂದು ತುಂಡು ಹೊಲ ಉಳಿಸಿಕೊಂಡಿದ್ದಾರೆ, ಮುದ್ದೆಗೆ ಸ್ವಂತ ರಾಗಿ ಇರಲಿ ಅಂತ. ಮಳೆಗೆ ಆ ರಾಗಿಯೆಲ್ಲ ಮಲಗಿಬಿಟ್ಟಿತ್ತು. ಗೌಡರು ರೇಷ್ಮೆ ಶರ್ಟು ಹಾಕಿ, ಕತ್ತಿನ ಚೈನು ಹೊರಗೆ ಬಿಟ್ಟುಕೊಂಡು ಬಂದು ಹೊಲದ ಮಧ್ಯೆ ನಿಂತರು. ನಾನು ಫೋನ್ ಹಿಡಿದೆ. ಇಷ್ಟು ವರ್ಷದ ಅಭ್ಯಾಸ ನೋಡಿ, ಬಾಯಿಗೆ ತಾನಾಗಿ ಬಂತು.

"ಗದ್ದ ಸ್ವಲ್ಪ ಮೇಲೆ ಗೌಡ್ರೆ. ಹಾಂ. ಸ್ವಲ್ಪ ನಗಿ."

ಗೌಡರು ನಕ್ಕರು. ಆ ಮಳೆಗಾಲದಲ್ಲಿ ನಾನು ತೆಗೆದ ಒಂದೊಂದು ಫೋಟೋದಲ್ಲೂ ಮುಳುಗಿದ ಹೊಲದಲ್ಲಿ ರೈತರು ಹಲ್ಲು ಬಿಟ್ಟುಕೊಂಡು ನಿಂತಿದ್ದರು. ಎಲ್ಲವೂ ತಾಲ್ಲೂಕು ಆಫೀಸಿನಿಂದ ವಾಪಸ್ ಬಂದವು. ಅಲ್ಲಿ ಪರಿಹಾರದ ಫೈಲ್ ನೋಡುವ ಸಾಹೇಬರು ಕುಂದಾಪುರದ ಕಡೆಯವರು. ಮೇಡಂ ಹತ್ತಿರ ಕೇಳಿದರಂತೆ: "ಇವರಿಗೆಲ್ಲ ಬೆಳೆ ಹೋದದ್ದಾ ಮಾರಾಯ್ರೆ, ಅಲ್ಲ ಲಾಟರಿ ಹೊಡೆದದ್ದಾ?"

ಸರಿ, ಮತ್ತೆ ಹೊಲಕ್ಕೆ ಹೋದೆವು. ಗೌಡರ ಮುಖದಲ್ಲಿ ದುಃಖ ಬರಲೊಲ್ಲದು.

"ಏನ್ ಮಾಡ್ಲಿ ಗುರು, ನನ್ನ ಮುಖಾನೇ ಹಿಂಗೆ."

"ರಾಗಿ ನೆನೆಸ್ಕೊಳ್ಳಿ ಗೌಡ್ರೆ. ಮನೇಲಿ ಮುದ್ದೆ ಇಲ್ಲ."

"ಅದಕ್ಕೇನು, ಅಂಗಡೀಲಿ ಸಿಗುತ್ತಲ್ಲ."

ಮೇಡಂ ಕೈಗಡಿಯಾರ ನೋಡಿಕೊಂಡರು. ನಾನು ಫೋನ್ ರೆಡಿ ಮಾಡಿಕೊಂಡು ಮೆಲ್ಲಗೆ ಅಂದೆ: "ಅಂದ ಹಾಗೆ ಗೌಡ್ರೆ, ಬರೋವಾಗ ನೋಡ್ದೆ. ನಿಮ್ಮ ಎರಡನೇ ಬಿಲ್ಡಿಂಗ್ ಮುಂದೆ ಲಾರಿ ನಿಂತಿತ್ತು. ಮೇಲಿಂದ ಕೆಳಗಿನವರೆಗೆ ಎಲ್ಲ ಮನೆಯವರೂ ಖಾಲಿ ಮಾಡಿ ಸಾಮಾನು ಲಾರಿಗೆ ತುಂಬ್ತಾ ಇದ್ರು."

ಆ ಮುಖವನ್ನು ನಾನು ಹಿಡಿದುಬಿಟ್ಟೆ. ಸಾಹೇಬರು ಅದನ್ನು ನೋಡಿ "ಛೆ, ಪಾಪ" ಅಂದು ಆವತ್ತೇ ಪಾಸು ಮಾಡಿದರು. ಈಗಲೂ ಗೌಡರು ರಸ್ತೆಯಲ್ಲಿ ನನ್ನನ್ನು ಕಂಡರೆ ನಮಸ್ಕಾರ ಮಾಡುವ ಮೊದಲು ಒಂದು ಸಲ ಬಿಲ್ಡಿಂಗ್ ಕಡೆ ಹೋಗಿ ನೋಡಿಕೊಂಡು ಬರುತ್ತಾರೆ.

ಬೇಸ್‌ಮೆಂಟಿನ ರಾಗಿ

ನಮ್ಮ ಕಡೆ ಹೊಲಗಳು ಅಪಾರ್ಟ್‌ಮೆಂಟ್ ಆಗಿ ಎಷ್ಟೋ ವರ್ಷ ಆಯಿತು. ಆದರೆ ಕೆಲವು ಕಡೆ ಪಹಣಿಗೆ ಇನ್ನೂ ಆ ಸುದ್ದಿ ತಲುಪಿಲ್ಲ. ಹೊರಮಾವಿನ ಒಂದು ಸರ್ವೆ ನಂಬರಿನಲ್ಲಿ ರಾಗಿ ಬೆಳೆದಿದೆ, ಆ ಜಾಗಕ್ಕೆ ನೀರು ನುಗ್ಗಿದೆ ಅಂತ ಆಫೀಸಿನ ಕಂಪ್ಯೂಟರ್ ಹೇಳಿತು. ಜಾಗದ ಮೇಲೆ ನಿಂತು ಫೋಟೋ ತೆಗೆದ ಹೊರತು ಅದು ಸುಮ್ಮನಾಗುವುದಿಲ್ಲ.

ಫೋನಿನ ಮ್ಯಾಪು ನಮ್ಮನ್ನು ದೊಡ್ಡ ಗೇಟಿನ ಮುಂದೆ ತಂದು ನಿಲ್ಲಿಸಿತು.

"ಯಾವ ಫ್ಲ್ಯಾಟು?" ಅಂದ ಸೆಕ್ಯೂರಿಟಿ.

"ಫ್ಲ್ಯಾಟ್ ಅಲ್ಲ," ಅಂದರು ಮೇಡಂ. "ರಾಗಿ."

ಅವನು ಇಂಟರ್‌ಕಾಮ್ ಎತ್ತಿ "ಸಾರ್, ರಾಗಿ ಬಂದಿದೆ, ಬಿಡ್ಲಾ?" ಅಂತ ಯಾರನ್ನೋ ಕೇಳಿದ. ಮ್ಯಾಪಿನ ಚುಕ್ಕೆ ಬೇಸ್‌ಮೆಂಟಿಗೆ ಇಳಿಯಿತು, ನಾವೂ ಇಳಿದೆವು. ಅಲ್ಲಿ ಕಾರುಗಳೆಲ್ಲ ಬಾಗಿಲವರೆಗೆ ನೀರಲ್ಲಿ ನಿಂತಿದ್ದವು. ಅಸೋಸಿಯೇಷನ್ ಪ್ರೆಸಿಡೆಂಟು ಚಡ್ಡಿ ಮಡಚಿಕೊಂಡು ಪಂಪು ಹಾಕಿಸುತ್ತಿದ್ದವರು ನಮ್ಮ ಕಡೆ ಬಂದರು. ಮೇಡಂ ಪಾಪ, ಇದ್ದದ್ದನ್ನು ಇದ್ದಂತೆ ಹೇಳುವವರಿದ್ದರು: ಹಳೇ ದಾಖಲೆ, ಬೆಳೆ ಇಲ್ಲ ಅಂತ ಬರೆದುಕೊಂಡು ಹೋಗುತ್ತೇವೆ, ಅಷ್ಟೇ. ಅವರು ಬಾಯಿ ತೆರೆಯುವಷ್ಟರಲ್ಲಿ ನಾನು ಶುರು ಮಾಡಿದೆ.

"ಸಾರ್, ಇಲ್ಲಿ ರಾಗಿ ಇರ್ಬೇಕಿತ್ತು. ಕಾಣ್ತಾ ಇಲ್ಲ. ಯಾರು ತೆಗೆದ್ರು ಅಂತ ಮೇಡಂ ಕೇಳ್ತಾ ಇದಾರೆ."

ಪ್ರೆಸಿಡೆಂಟು ಬೇಸ್‌ಮೆಂಟನ್ನು ಒಂದು ಸಲ ಸುತ್ತ ನೋಡಿದರು. ಆಮೇಲೆ ಗಂಭೀರವಾಗಿ ಅಂದರು: "ನಾನು ಬಂದಿದ್ದು ಈ ವರ್ಷ ಮಾತ್ರ ಮೇಡಂ. ರಾಗಿ ವಿಷ್ಯ ಹಳೇ ಕಮಿಟಿನ ಕೇಳ್ಬೇಕು."

"ರೀ, ಯಾಕ್ರೀ ಹಂಗೆ ಹೆದರಿಸಿದ್ರಿ?" ಅಂತ ಮೇಡಂ ದಾರಿಯುದ್ದಕ್ಕೂ ನನ್ನನ್ನು ಬೈದರು. ಸ್ವಲ್ಪ ದಿನ ಬಿಟ್ಟು ಅದೇ ದಾರಿಯಲ್ಲಿ ಹೋಗುತ್ತಾ ನೋಡುತ್ತೇನೆ, ಗೇಟಿನ ಎರಡೂ ಪಕ್ಕ ಸಾಲಾಗಿ ಕುಂಡಗಳು, ಕುಂಡದ ತುಂಬ ಎಳೇ ರಾಗಿ. ಮುಂದೆ ಒಂದು ಬೋರ್ಡು: 'ಸರ್ಕಾರಿ ಬೆಳೆ. ದಯವಿಟ್ಟು ಮುಟ್ಟಬೇಡಿ.' ಬೋರ್ಡಿನ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಟಚಪ್ ಮಾಡಿರಬಹುದು. ಕುಂಡಗಳು ನಿಜ.

ಹಿನ್ನೀರಿನ ವಿಹಾರ

ಈಗ ಸೊಪ್ಪಿನಕ್ಕನ ವಿಷಯಕ್ಕೆ ಬರುತ್ತೇನೆ. ಇಲ್ಲಿಂದ ಮುಂದಿನದೆಲ್ಲ ಅವಳದೇ.

ಕೆರೆ ಪಕ್ಕದಲ್ಲಿ ಅವಳ ಹೊಲ. ದಂಟು, ಪಾಲಕ್, ಮೆಂತ್ಯ, ಕೊತ್ತಂಬರಿ. ಸುತ್ತಮುತ್ತಲಿನವರೆಲ್ಲ ಸೈಟು ಮಾಡಿ ಮಾರಿದರೂ ಅವಳು ಮಾರಲಿಲ್ಲ. "ಮಾರಿಬಿಟ್ಟು ಬೆಳಗ್ಗೆ ಎದ್ದು ಎಲ್ಲಿಗೆ ಹೋಗ್ಲಿ?" ಅನ್ನುತ್ತಾಳೆ. ನನ್ನ ಹೆಂಡತಿಗೆ ಅವಳ ಸೊಪ್ಪೇ ಆಗಬೇಕು, ಹಾಗಾಗಿ ಹಳೇ ಸ್ನೇಹ.

ಆ ಭಾನುವಾರ ಬೆಳಗ್ಗೆ ಮೀನು ತರಲು ಶಿವಾಜಿನಗರಕ್ಕೆ ಹೋಗಿದ್ದೆ. ಮಾರ್ಕೆಟ್ಟಿನಲ್ಲಿ ನನ್ನ ಗೆಳೆಯ ಭಾಯ್ ಒಬ್ಬನ ಮೀನಂಗಡಿ ಇದೆ. "ಏಕ್ದಂ ತಾಜಾ ಗುರು, ರಾತ್ರಿ ಮಂಗಳೂರು ಬಿಟ್ಟಿದ್ದು. ಕಣ್ಣು ನೋಡು, ನಿನ್ನೇ ನೋಡ್ತಾ ಇದೆ" ಅಂತ ಕಟ್ಟಿಕೊಟ್ಟ. ಮನೆಗೆ ಹೋಗುವ ಬದಲು, ರಾತ್ರಿಯೆಲ್ಲ ಮಳೆ ಹುಯ್ದಿದೆಯಲ್ಲ, ಅಕ್ಕನ ಹೊಲ ಏನಾಯಿತೋ ಅಂತ ಕೆ.ಆರ್. ಪುರದ ಕಡೆ ಗಾಡಿ ತಿರುಗಿಸಿದೆ.

ಹೊಲ ಇರಲಿಲ್ಲ. ಕೆರೆಯೇ ಈ ಕಡೆ ಬಂದು ಕೂತಿತ್ತು. ಮೊಣಕಾಲುದ್ದ ನೀರು, ಮೋಟರ್ ಮನೆಯೊಳಗೆ ಮೋಟರು ಮುಳುಗಿತ್ತು. ಅಕ್ಕ ಬದುವಿನ ಮೇಲೆ ಸೆರಗು ತಲೆಗೆ ಹೊದ್ದುಕೊಂಡು ಕೂತಿದ್ದಳು. ಹಿಂದಿನ ದಿನ ಒಬ್ಬ ಟೆಂಪೋ ಪಾರ್ಕಿಂಗಿನವನು ಬಂದು ಹೋಗಿದ್ದನಂತೆ. ಹೊಲಕ್ಕೆ ಜಲ್ಲಿ ಸುರಿದು ಗಾಡಿ ನಿಲ್ಲಿಸುತ್ತೇನೆ, ತಿಂಗಳ ತಿಂಗಳ ಬಾಡಿಗೆ ಕೊಡುತ್ತೇನೆ ಅಂದನಂತೆ.

"ಮೋಟರ್ ಸುಟ್ಟೋಯ್ತು, ಬೀಜ ಹೋಯ್ತು," ಅಂದಳು. "ಪರಿಹಾರ ಬಂದ್ರೆ ಮತ್ತೆ ಬಿತ್ತುತೀನಿ ಕಣಪ್ಪಾ. ಬರ್ಲಿಲ್ಲ ಅಂದ್ರೆ ಅವನಿಗೆ ಹೂಂ ಅಂತೀನಿ. ನಾನೇನು ಮಾಡ್ಲಿ?"

ನನಗೆ ಸಮಾಧಾನದ ಮಾತು ಬರುವುದಿಲ್ಲ. ಬರುವುದು ಒಂದೇ ವಿದ್ಯೆ. ಸೊಪ್ಪು ತೊಳೆಯಲು ಅವಳು ಅರ್ಧಕ್ಕೆ ಕೊಯ್ದ ನೀಲಿ ಡ್ರಮ್ ಇಟ್ಟುಕೊಂಡಿದ್ದಾಳೆ. ಪ್ಯಾಂಟು ಮಡಚಿ ಅದರಲ್ಲಿ ಹೋಗಿ ಕೂತೆ. ಅದು ತೇಲಲೂ ಇಲ್ಲ, ಮುಳುಗಲೂ ಇಲ್ಲ, ಕೆಸರಲ್ಲಿ ಕೂತುಕೊಂಡಿತು. ಒಂದು ಕೋಲಿಗೆ ದಾರ ಕಟ್ಟಿ, ದಾರಕ್ಕೆ ಭಾಯ್ ಕೊಟ್ಟ ಮೀನಲ್ಲಿ ಒಂದನ್ನು ಕಟ್ಟಿ, ಕೂಲಿಂಗ್ ಗ್ಲಾಸು ಹಾಕಿಕೊಂಡು "ಅಕ್ಕಾ, ಒಂದು ಫೋಟೋ ತೆಗಿ" ಅಂದೆ.

"ಮನೆ ಹಾಳಾಗಿ ನಾನು ಕೂತಿದ್ರೆ ನಿಂಗೆ ಇದೊಂದು ಕೇಡು," ಅಂತ ಬೈಯುತ್ತಲೇ ಫೋನು ತೆಗೆದುಕೊಂಡಳು. ತೆಗೆಯುವಾಗ ಅವಳ ಕೈ ನಗುವಿಗೆ ಅಲುಗಾಡಿ ಮೊದಲೆರಡು ಫೋಟೋ ಹಾಳಾದವು. ನನಗೆ ಅಷ್ಟು ಸಾಕಿತ್ತು.

ಕೆಳಗಿನ ದಿನ, ಜಾಗದ ಪಟ್ಟಿ ಕತ್ತರಿಸಿ ನಮ್ಮ ಸ್ಕೂಲ್ ಗ್ರೂಪಿಗೆ ಹಾಕಿದೆ: 'ಕೇರಳದ ಹಿನ್ನೀರಲ್ಲಿ ವಿಹಾರ. ಬೋಟ್ ಹೌಸ್ ಎಲ್ಲ ಫುಲ್, ಇದರಲ್ಲೇ ಅಡ್ಜಸ್ಟ್.' ಒಬ್ಬ ಹೋಟೆಲು ಯಾವುದು ಅಂತ ಕೇಳಿದ, ಇನ್ನೊಬ್ಬ ನಮ್ಮನ್ನು ಯಾಕೆ ಕರೆಯಲಿಲ್ಲ ಅಂತ ಸಿಟ್ಟಾದ. ಗೆಳೆಯನ ಹೆಂಡತಿಯಿಂದ ನನ್ನ ಹೆಂಡತಿಗೂ ಸುದ್ದಿ ಮುಟ್ಟಿತು. ಫೋನ್ ಮಾಡಿದಳು.

"ಕೇರಳದಲ್ಲಿ ಇದೀರಂತೆ."

"ಹೂಂ... ಹಂಗೇ ಸ್ವಲ್ಪ."

"ಆಯ್ತು. ಹನ್ನೆರಡಕ್ಕೆ ಮಸಾಲೆ ಅರೀತೀನಿ. ಅಷ್ಟರಲ್ಲಿ ಕೇರಳದಿಂದ ಮೀನು ಮನೆಗೆ ಬಂದಿರ್ಬೇಕು."

ಗುಡಿಸಿಟ್ಟ ನೆರೆ

ನೀರು ಇಳಿಯಿತು. ಮೇಡಂ ಹೊಲ ನೋಡಲು ಬರುವ ದಿನ ಗೊತ್ತಾಯಿತು. ನಾನೇ ಹೋಗಿ ಅಕ್ಕನಿಗೆ ಹೇಳಿದೆ: "ಬುಧವಾರ ಸರ್ಕಾರದೋರು ಬರ್ತಾರೆ, ಎಲ್ಲ ರೆಡಿ ಇಟ್ಟಿರು." ರೆಡಿ ಅನ್ನುವ ಮಾತು ಬಾಯಿಂದ ಬಂದದ್ದೇ ತಪ್ಪಾಯಿತು. ಸೊಪ್ಪಿನಕ್ಕ ಎಂಥವಳು ಅಂದರೆ, ಕರೆಂಟ್ ಮೀಟರ್ ಓದುವವನು ಬಂದರೂ ಮೊದಲು ಬಾಗಿಲಿಗೆ ನೀರು ಹಾಕಿ ಸಾರಿಸುತ್ತಾಳೆ.

ಬುಧವಾರ ಹೋಗಿ ನೋಡಿದರೆ ನನಗೆ ಜಾಗವೇ ಗುರುತು ಸಿಗಲಿಲ್ಲ. ಕೊಳೆತ ಸೊಪ್ಪು ಒಂದೆಳೆ ಇಲ್ಲ. ನೀರಲ್ಲಿ ಬಂದ ಪ್ಲಾಸ್ಟಿಕ್ಕೆಲ್ಲ ಆರಿಸಿಯಾಗಿದೆ. ಕೆಸರು ಎಳೆದು ನೆಲ ಸಮ ಮಾಡಿದ್ದಾಳೆ. ಮೋಟರ್ ಮನೆಗೆ ಸುಣ್ಣ. ಬದುವಿನ ಮೇಲೆ ರಂಗೋಲಿ. ಅದರ ಪಕ್ಕ ಎರಡು ಪ್ಲಾಸ್ಟಿಕ್ ಕುರ್ಚಿ, ಸ್ಟೂಲಿನ ಮೇಲೆ ಮುಚ್ಚಿಟ್ಟ ಮಜ್ಜಿಗೆ. ಅಕ್ಕ ಮದುವೆ ಸೀರೆ ಉಟ್ಟುಕೊಂಡು ನಿಂತಿದ್ದಳು.

ಮೇಡಂ ಆ ಕಡೆ ಈ ಕಡೆ ನೋಡಿದರು. "ಹಾನಿ ಎಲ್ಲಿ ಅಕ್ಕ?"

"ಎಲ್ಲಾ ಗುಡಿಸಿಟ್ಟಿದೀನಿ ತಾಯಿ."

"ಅದನ್ನ ನೋಡೋಕೇ ಬಂದಿರೋದು ನಾವು."

"ಅಯ್ಯೋ, ನಿಮ್ಮಂಥೋರು ಬರೋವಾಗ ಕೊಳಕು ಹಂಗೇ ಬಿಟ್ಕೊಂಡಿರೋಕಾಗುತ್ತಾ? ಕೂತ್ಕೊಳ್ಳಿ, ಮಜ್ಜಿಗೆ ಕುಡೀರಿ."

"ಕೊಳೆತ ಸೊಪ್ಪಾದ್ರೂ ಇದೆಯಾ?"

"ಗುಂಡಿಗೆ ಹಾಕಿ ಮಣ್ಣು ಮುಚ್ಚಿದೆ. ವಾಸನೆ ಬರ್ಬಾರದಲ್ಲ."

"ಮೋಟರು?"

"ತೊಳ್ದು ಒರೆಸಿಟ್ಟಿದೀನಿ ನೋಡಿ, ಹೊಸದರ ಥರ ಇದೆ."

ಮೇಡಂ ಕುರ್ಚಿಯಲ್ಲಿ ಕೂತು ಮಜ್ಜಿಗೆ ಕುಡಿದರು. ಪಾಪ, ಬೇರೇನು ಮಾಡಲು ಸಾಧ್ಯ? ನಾನು ಫೋನ್ ತೆಗೆದು ಒಂದು ಫೋಟೋ ಹಿಡಿದೆ. ಅದು ಇವತ್ತಿಗೂ ನನ್ನ ಸ್ಟುಡಿಯೋ ಗೋಡೆ ಮೇಲಿದೆ. ನೋಡಿದವರು ಯಾರ ಮನೆ ಗೃಹಪ್ರವೇಶ ಅಂತ ಕೇಳುತ್ತಾರೆ.

ಟ್ಯಾಂಕರ್

"ಶುಕ್ರವಾರ ಇನ್ನೊಂದ್ಸಲ ಬರ್ತೀನಿ," ಅಂದರು ಮೇಡಂ. "ನೀರು ನಿಂತಿತ್ತು ಅನ್ನೋಕೆ ಏನಾದ್ರೂ ಕಾಣ್ಬೇಕು ಅಕ್ಕ. ಇಲ್ದಿದ್ರೆ ನಾನು ಏನಂತ ಬರೀಲಿ?"

ಅಕ್ಕನ ಮುಖ ಆಗ ಇಳಿಯಿತು. ಪಾರ್ಕಿಂಗಿನವನು ಅವತ್ತೇ ಬೆಳಗ್ಗೆ ಟೇಪು ಹಿಡಿದುಕೊಂಡು ಬಂದು, ಭಾನುವಾರ ಮತ್ತೆ ಬರುತ್ತೇನೆ, ಹೂಂ ಅಥವಾ ಉಹುಂ ಹೇಳಿಬಿಡಿ ಅಂದು ಹೋಗಿದ್ದನಂತೆ. ರೆಡಿ ಇಟ್ಟಿರು ಅಂದವನು ನಾನು. ಅದಕ್ಕೇ ತಲೆ ಓಡಿಸಿದೆ. ನೀರು ಕಾಣಬೇಕು ತಾನೇ? ಟ್ಯಾಂಕರ್ ನಡೆಸುವ ಗೆಳೆಯನೊಬ್ಬನಿಗೆ ಫೋನ್ ಮಾಡಿದೆ. ಶುಕ್ರವಾರ ಬೆಳಗ್ಗೆ ಬಂದ.

"ಸಂಪ್ ಎಲ್ಲಿ ಗುರು?"

"ಸಂಪ್ ಇಲ್ಲ. ಹೊಲಕ್ಕೆ ಬಿಡು."

"ಹೊಲಕ್ಕಾ? ಯಾಕೆ?"

"ನೆರೆ ಬೇಕು."

ಅವನು ಮೊದಲು ದುಡ್ಡು ಎಣಿಸಿಕೊಂಡ. ಆಮೇಲೆ ಪೈಪು ಬಿಟ್ಟ. ಸದ್ದು ಕೇಳಿ ಅಕ್ಕ ಓಡಿ ಬಂದಳು.

"ಏನೋ ಇದು?"

"ಮೊನ್ನೆ ಬಂದಿದ್ದೇ ನೀರು ಅಕ್ಕ. ಮತ್ತೆ ತೋರಿಸ್ತಾ ಇದೀನಿ, ಅಷ್ಟೇ."

"ಮೊನ್ನೆ ಬಂದಿದ್ದು ನಿಜ ತಾನೇ? ನಿಜಕ್ಕೆ ಯಾಕೋ ವೇಷ ಕಟ್ತೀಯ? ನಿಲ್ಲಿಸು."

ನಿಲ್ಲಿಸುವ ಅಗತ್ಯವೇ ಬೀಳಲಿಲ್ಲ. ಅವಳು ಅಷ್ಟು ಚೆನ್ನಾಗಿ ಕೆದಕಿ ಸಮ ಮಾಡಿದ್ದ ಮಣ್ಣು ಬಿದ್ದ ನೀರನ್ನೆಲ್ಲ ಕುಡಿಯಿತು. ಮೇಡಂ ಬರುವಷ್ಟರಲ್ಲಿ ಒಂದು ಹನಿ ಮೇಲೆ ಇಲ್ಲ. ಅವರು ಬಗ್ಗಿ ಮಣ್ಣು ಹಿಡಿದು ನೋಡಿ, "ಒಳ್ಳೇ ಹದ ಇದೆ ಅಕ್ಕ, ಇವತ್ತೇ ಬಿತ್ತಬಹುದು" ಅಂದರು. ಬೆಂಗಳೂರಲ್ಲಿ ನೆರೆಗೆ ದುಡ್ಡು ಕೊಟ್ಟು ನೀರು ತರಿಸಿದ ಮೊದಲನೆಯವನು ನಾನೇ ಇರಬೇಕು.

"ಮಳೆ ಬಂದ ದಿನದ ಫೋಟೋ ಒಂದೂ ಇಲ್ವಾ?" ಅಂತ ಮೇಡಂ ಕೇಳಿದರು. "ದಿನ, ಜಾಗ ಬಿದ್ದಿರೋದು. ಒಂದೇ ಒಂದು ಸಾಕು."

ನಾನು ಆಕಾಶ ನೋಡಿದೆ. ಅಕ್ಕ ನನ್ನನ್ನು ನೋಡಿದಳು.

"ಒಂದಿದೆ ತಾಯಿ," ಅಂದಳು. "ನಾನೇ ತೆಗೆದಿದ್ದು."

ಸಂಬಂಧವಿಲ್ಲದವರು

ಕತ್ತರಿಸದ ಫೋಟೋ ಫೋನಲ್ಲಿ ಹಾಗೇ ಇತ್ತು. ದೊಡ್ಡದಾಗಿ, ಬಣ್ಣದಲ್ಲಿ, ನನ್ನ ಸ್ಟುಡಿಯೋದಲ್ಲಿ ನಾನೇ ಪ್ರಿಂಟ್ ಹಾಕಿಕೊಡಬೇಕಾಯಿತು. ಶನಿವಾರ ನಾವು ಮೂವರೂ ತಾಲ್ಲೂಕು ಆಫೀಸಿಗೆ ಹೋದೆವು. ಕುಂದಾಪುರದ ಸಾಹೇಬರು ಫೋಟೋ ಕೈಗೆ ತೆಗೆದುಕೊಂಡು, ಕನ್ನಡಕ ಒರೆಸಿ, ಮತ್ತೆ ಹಾಕಿಕೊಂಡರು. ಪಕ್ಕದ ಟೇಬಲ್ಲಿನವರು ಎದ್ದು ಬಂದರು. ಅವರ ಪಕ್ಕದವರೂ ಬಂದರು.

"ಇದು ಯಾರು?" ಅಂದರು ಸಾಹೇಬರು.

"ನಾನೇ ಸಾರ್."

"ಅದು ಗೊತ್ತಾಯ್ತು. ಎಂತ ಮಾಡ್ತಾ ಇದ್ದೀರಿ?"

"ನೀರಿನ ಆಳ ನೋಡ್ತಾ ಇದ್ದೆ ಸಾರ್."

"ಕೂಲಿಂಗ್ ಗ್ಲಾಸ್ ಹಾಕಿಯಾ?"

ಅಕ್ಕ ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ನಿಂತಿದ್ದಳು. ಸಾಹೇಬರು ಫೋಟೋದ ಮೂಲೆ ಮೂಲೆ ಬೆರಳಿಟ್ಟು ನೋಡಿದರು. ಮೋಟರ್ ಮನೆ ಕಾಣುತ್ತಿತ್ತು, ಬಾಗಿಲಿನ ಒಳಗೆ ಮುಳುಗಿದ ಮೋಟರು ಕಾಣುತ್ತಿತ್ತು, ನೀರಿನ ಮೇಲೆ ದಂಟಿನ ತುದಿಗಳು ಕಾಣುತ್ತಿದ್ದವು. ಕೆಳಗೆ ದಿನವೂ ಜಾಗವೂ ಸರಿಯಾಗಿ ಬಿದ್ದಿದ್ದವು.

"ನೀರು ನಿಜ," ಅಂದರು. "ಬೆಳೆ ಹೋದದ್ದೂ ನಿಜ. ಒಂದೇ ಅನುಮಾನ ಉಂಟು. ಈ ಮೀನು ಎಲ್ಲಿಯದ್ದು?"

ನಿಜ ಹೇಳಿದ್ದರೆ ಆಗುತ್ತಿತ್ತು. ಆದರೆ ನನ್ನ ನಾಲಿಗೆಗೆ ಆ ಅಭ್ಯಾಸ ಕಮ್ಮಿ.

"ಕೆರೆಯದ್ದು ಸಾರ್. ನೀರಿನ ಜೊತೆ ಹೊಲಕ್ಕೆ ಬಂದಿತ್ತು. ಅಷ್ಟು ಜೋರು ನೆರೆ."

ಸಾಹೇಬರು ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟರು. "ನಮ್ಮ ಮನೆ ಹಿಂದೆ ಸಮುದ್ರ ಮಾರಾಯ್ರೆ. ಇದು ಬಂಗುಡೆ. ಉಪ್ಪು ನೀರು ಬಿಟ್ಟು ಬೇರೆಲ್ಲೂ ಇರುವುದಿಲ್ಲ. ಇದು ಕೆ.ಆರ್. ಪುರದ ಹೊಲಕ್ಕೆ ಬಂತು ಅಂತ ನಾನು ಬರೆದರೆ, ಅರಬ್ಬಿ ಸಮುದ್ರ ಘಟ್ಟ ಹತ್ತಿ ಇಲ್ಲಿವರೆಗೆ ಬಂದಿತ್ತು ಅಂತ ಆಯ್ತು. ಆಗ ಅಕ್ಕನಿಗೆ ಒಬ್ಬರಿಗೆ ಕೊಟ್ಟರೆ ಆಗ್ತದಾ? ಮಧ್ಯದಲ್ಲಿರುವ ಇಡೀ ರಾಜ್ಯಕ್ಕೇ ಕೊಡಬೇಕಾಗ್ತದೆ."

ಆಗ ವಿ.ಎ. ಮೇಡಂ ನಕ್ಕರು. ಸಣ್ಣಗೆ ಅಲ್ಲ, ಟೇಬಲ್ ಹಿಡಿದುಕೊಂಡು ನಕ್ಕರು. ಆಫೀಸಿನವರೆಲ್ಲ ಫೋಟೋ ಬಿಟ್ಟು ಅವರನ್ನು ನೋಡಿದರು.

ಅಕ್ಕನ ಪರಿಹಾರ ಅಲ್ಲೇ ಒಪ್ಪಿಗೆಯಾಯಿತು. ಮಾರನೇ ದಿನ ಭಾನುವಾರ ಪಾರ್ಕಿಂಗಿನವನು ಟೇಪು ಹಿಡಿದುಕೊಂಡು ಬಂದ. ಅಕ್ಕ ಟೇಪಿನ ಒಂದು ತುದಿ ಅವನ ಕೈಗೆ ಕೊಟ್ಟು, "ಆ ಬದು ಹತ್ರ ಹೋಗಿ ನಿಂತ್ಕೋ ಮಗಾ, ಅಲುಗಾಡ್ಬೇಡ" ಅಂದಳು. ಅಳತೆಗೆ ಹೊಲ ಸಿಕ್ಕಿತು ಅಂತ ಅವನು ಖುಷಿಯಾಗಿ ನಿಂತ. ಅವಳು ಟೇಪಿನ ಗೆರೆ ಹಿಡಿದು ಕೊತ್ತಂಬರಿಗೆ ನೆಟ್ಟಗೆ ಮಡಿ ಮಾಡಿಕೊಂಡಳು. ನನ್ನ ಟ್ಯಾಂಕರಿನ ಹದ ಇನ್ನೂ ಆರಿರಲಿಲ್ಲ. ಈಗ ಮೋಟರೂ ಓಡುತ್ತಿದೆ, ಪಾರ್ಕಿಂಗಿನವನ ಹೆಂಡತಿಗೂ ಅಕ್ಕನ ಸೊಪ್ಪೇ ಆಗಬೇಕಂತೆ.

ಆಫೀಸಿನಲ್ಲಿ ಫೈಲು ಮುಚ್ಚುವ ಮೊದಲು ನಡೆದದ್ದೊಂದು ಉಳಿಯಿತು. ಸಾಹೇಬರು ಫೋಟೋದ ಕೆಳಗೆ ಒಂದು ಷರಾ ಬರೆದು, ಗಟ್ಟಿಯಾಗಿ ಓದಿದರು: "ಮೇಲ್ಕಂಡ ಚಿತ್ರದಲ್ಲಿರುವ ವ್ಯಕ್ತಿಗೂ, ಮೀನಿಗೂ, ಸದರಿ ಬೆಳೆ ಹಾನಿಗೂ ಯಾವುದೇ ಸಂಬಂಧವಿರುವುದಿಲ್ಲ." ಆಮೇಲೆ ಪೆನ್ನು ನನ್ನ ಕಡೆ ಚಾಚಿ, "ಸಂಬಂಧ ಇಲ್ಲ ಅಂತ ಇಲ್ಲಿ ಸಹಿ ಹಾಕಿ" ಅಂದರು. ಹಾಕಿದೆ.

"ಆಯ್ತು," ಅಂದರು ಸಾಹೇಬರು, ಒಂಚೂರೂ ನಗದೆ. "ಇನ್ನು ಮೀನಿನ ಕಡೆಯಿಂದ ಯಾರು ಸಹಿ ಹಾಕುವುದು?"

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಳು.

"ಇವನ ಹೆಂಡ್ತೀನ ಕರೆಸಿ ಸ್ವಾಮಿ," ಅಂದಳು. "ಕೊನೇಲಿ ಅದರ ಹತ್ರ ಇದ್ದಿದ್ದು ಅವಳೇ."